ಕೊಳದಂಚಿನ ಬಾಡಿಗೆದಾರಳು

ಅಕ್ಟೋಬರ್ 9, ಗುರುವಾರ

ಮತ್ತೆ ಎಲೆ. ದಿನವಿಡೀ ಬಸ್ ಓಡಿಸಿ ಡಿಪೋದಿಂದ ಬಂದವಳೇ ಶೂ ಕೂಡ ಬಿಚ್ಚದೆ ಹಿತ್ತಲಿಗೆ. ಕೊಳದ ಮೇಲೆ ಹಾಸಿದ ಬಲೆ ತುಂಬಿ, ಭಾರಕ್ಕೆ ನೀರಿನವರೆಗೂ ಜೋತುಬಿದ್ದಿತ್ತು. ಎಲ್ಲ ಪಕ್ಕದ ಮನೆಯ ಡೆಸ್ಮಂಡನ ಮರದ್ದೇ. ಮರ ಬೇಲಿಯ ಆಚೆ, ಎಲೆ ಬೇಲಿಯ ಈಚೆ. ಹಾಗೇ ಬಿಟ್ಟರೆ ತಳದಲ್ಲಿ ಕೊಳೆಯುತ್ತದೆ. ಚಳಿಗೆ ನೀರು ಹೆಪ್ಪುಗಟ್ಟಿದಾಗ ಕೆಳಗೆ ಮಲಗಿದ ಕಪ್ಪೆಗಳು ಉಸಿರುಕಟ್ಟಿ ಸಾಯುತ್ತವೆ.

ಬೇಲಿಯ ಮೇಲೆ ಡೆಸ್ಮಂಡನ ತಲೆ.

"ಮುಚ್ಚಿಬಿಡೇ ಥೆಲ್ಮಾ ಆ ಗುಂಡಿನ. ಮೇಲೆ ನಾಲ್ಕು ಕುರ್ಚಿ ಹಾಕ್ಕೊಂಡು ಟೀ ಕುಡಿ."

"ಮೊದಲು ನಿನ್ನ ಬಾಯಿ ಮುಚ್ಚು," ಅಂದೆ. ನಕ್ಕ. ಇಷ್ಟು ವರ್ಷದ ನೆರೆಯವನು, ಬೈದರೂ ಮೈಗೆ ಹತ್ತುವುದಿಲ್ಲ.

ಅಕ್ಟೋಬರ್ 13, ಬೆಳಗ್ಗೆ

ಬಲೆಯ ಸಡಿಲ ಮೂಲೆಯಲ್ಲಿ ಮುಳ್ಳಿಲಿ ಸಿಕ್ಕಿಬಿದ್ದಿತ್ತು. ನನ್ನ ಬಾಡಿಗೆದಾರಳು... ಶೆಡ್ಡಿನ ಹಿಂದೆ ಇರುವವಳು, ಬಿಡಿಗಾಸು ಕೊಡದೆ ಹುಳ ತಿಂದುಕೊಂಡು, ಕೊಳದಂಚಿಗೆ ಬಂದು ನೀರು ಕುಡಿದು ಹೋಗುವವಳು. ಕತ್ತು, ಮುಂಗಾಲು ಎಲ್ಲ ನೂಲಿನೊಳಗೆ. ಅಡುಗೆಮನೆಯ ಕತ್ತರಿ ತಂದು ಒಂದೊಂದೇ ಎಳೆ ಕತ್ತರಿಸಿದೆ. ಬೆರಳಿಗೆಲ್ಲ ಚುಚ್ಚಿದಳು. ಎಡ ಕಿವಿ ಹರಿದುಹೋಗಿದೆ. ಆದರೂ ಬಿಟ್ಟ ತಕ್ಷಣ ತಿರುಗಿಯೂ ನೋಡದೆ ನಡೆದಳು. ಒಳ್ಳೆಯ ಗತ್ತು.

ಬಲೆಯನ್ನು ಬಿಗಿಯಾಗಿ, ನೆಲದಿಂದ ಮೇಲೆತ್ತಿ ಕಟ್ಟಬೇಕಿತ್ತಂತೆ. ಫೋನ್ ಮಾಡಿದರೆ ಬಲೆ ಮಾರಿದ ಅಂಗಡಿಯವ ಈಗ ಹೇಳುತ್ತಾನೆ. ಈಗ! ಪೂರ್ತಿ ಕಿತ್ತು ಕಸದ ಡಬ್ಬಿಗೆ ತುರುಕಿದೆ. ಇನ್ನು ಬಲೆ ಇಲ್ಲ. ಮರ ಉದುರಿಸಲಿ, ನಾನು ಎತ್ತುತ್ತೇನೆ. ಯಾರು ಮೊದಲು ಸುಸ್ತಾಗುತ್ತಾರೋ ನೋಡಿಯೇ ಬಿಡೋಣ.

ಅಕ್ಟೋಬರ್ 19

ದಿನಾ ಸಂಜೆ ಇದೇ ಕೆಲಸ. ಉದ್ದ ಕೋಲಿಗೆ ಹಳೆಯ ಜರಡಿ ಕಟ್ಟಿದ್ದೇನೆ. ಎತ್ತಿದ ಎಲೆ ಒಂದು ರಾತ್ರಿ ದಡದಲ್ಲೇ ಇರುತ್ತದೆ. ಜೊತೆಯಲ್ಲಿ ಬಂದ ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿಗಳು ತೆವಳಿಕೊಂಡು ವಾಪಸ್ ನೀರಿಗಿಳಿಯಬೇಕಲ್ಲ. ಮಾರನೆಯ ದಿನ ಶೆಡ್ಡಿನ ಹಿಂದಿನ ಗುಡ್ಡೆಗೆ.

"ಎತ್ತಿದ್ದನ್ನ ಮತ್ತೆ ಅಲ್ಲೇ ಬಿಡ್ತೀಯಲ್ಲೇ, ಯಾರಿಗೆ ಕಾಯ್ತಾ ಇದೀಯ?" — ಡೆಸ್ಮಂಡ್.

"ಒಳಗಿರೋರು ಇಳಿದುಹೋಗಲಿ ಅಂತ. ಕೊನೇ ಸ್ಟಾಪ್ ಬಂದಾಗ ಬಸ್ಸಲ್ಲೂ ಹಾಗೇ ಕಣಯ್ಯಾ ಮಾಡೋದು."

ಬಾಡಿಗೆದಾರಳು ಗುಡ್ಡೆಯೊಳಗೆ ಸೇರಿಕೊಂಡಿದ್ದಾಳೆ. ಬಾಯಲ್ಲಿ ಎಲೆ ಕಚ್ಚಿ ಒಳಗೆಳೆಯುವುದನ್ನು ಕಣ್ಣಾರೆ ಕಂಡೆ. ಚಳಿಗಾಲದ ನಿದ್ದೆಗೆ ಹಾಸಿಗೆ. ಹೇಳಿಕೊಳ್ಳಲಾಗದಷ್ಟು ಖುಷಿ.

ನವೆಂಬರ್ 2

ಸೊಂಟ ಹಿಡಿದಿದೆ. ಕೊಳ ಮಾತ್ರ ಲಕಲಕ. ಮರ ಅರ್ಧ ಬೋಳು.

ನವೆಂಬರ್ 5, ಮಧ್ಯಾಹ್ನ

ಗುಡ್ಡೆ ಇಲ್ಲ.

ಶೆಡ್ಡಿನ ಹಿಂದೆ ಬರೀ ನೆಲ. ಗುಡಿಸಿ ಬೇರೆ ಇಟ್ಟಿದ್ದಾರೆ. ಡೆಸ್ಮಂಡ್ ಬೇಲಿಯ ಹತ್ತಿರ ಹಲ್ಲು ಬಿಟ್ಟುಕೊಂಡು ನಿಂತಿದ್ದ.

"ಥ್ಯಾಂಕ್ಸ್ ಏನೂ ಬೇಡ ಬಿಡು. ನಿನ್ನ ಸೊಂಟ ನೋಡಿ ಪಾಪ ಅನ್ನಿಸ್ತು. ಕೈಗಾಡೀಲಿ ತುಂಬಿ ಮೈದಾನಕ್ಕೆ ಹಾಕಿ ಬಂದೆ. ಇವತ್ತು ನವೆಂಬರ್ ಐದಲ್ವಾ, ರಾತ್ರಿ ಊರ ಬೆಂಕಿಹಬ್ಬಕ್ಕೆ ಚೆನ್ನಾಗಿ ಹತ್ಕೊಳ್ಳುತ್ತೆ."

"ಒಳಗೆ ನೋಡಿದೆಯಾ?"

"ಎಲೆಯೊಳಗೆ ಏನೇ ನೋಡೋದು?"

ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಒಳ್ಳೆಯದು ಮಾಡಲು ಹೋದವನನ್ನು ಏನು ಮಾಡುವುದು? ಆರು ಗಂಟೆಗೆ ಬೆಂಕಿ. ಹೊರಟೆ.

ಅದೇ ದಿನ, ಮನೆಗೆ ಬಂದ ಮೇಲೆ

ಮೈಯೆಲ್ಲ ಮಣ್ಣು. ಬರೆದೇ ಸ್ನಾನ.

ಮೈದಾನದಲ್ಲಿ ನನ್ನ ಡಬಲ್ ಡೆಕರ್‌ನಷ್ಟು ಎತ್ತರದ ರಾಶಿ. ಮುರಿದ ಬಾಗಿಲು, ಹಳೆಯ ಬೀರು, ಹಲಗೆ, ಅಡಿಯಲ್ಲಿ ಎಲೆ. ಕಾರ್ಯಕ್ರಮ ನಡೆಸುವ ಪೌಲಿನ್ ಒಂದು ಕೈಯಲ್ಲಿ ಬಂದವರಿಗೆ ಬಿಸಿಬಿಸಿ ಕರಿಬಟಾಣಿ ಬಡಿಸುವ ಸೌಟು, ಇನ್ನೊಂದರಲ್ಲಿ ಮೈಕು ಹಿಡಿದಿದ್ದಳು. ಬೇಡಿಕೊಂಡರೆ ಕೇಳುವ ಜನವಲ್ಲ. ನೇರ ಹೋಗಿ ರಾಶಿಯ ಮೇಲೆ, ಒಂದು ಮುರುಕು ಕುರ್ಚಿಯಲ್ಲಿ ಕೂತೆ.

"ಥೆಲ್ಮಾ, ಇಳಿಯೇ! ತಮಾಷೆ ಸಾಕು. ಮಕ್ಕಳು ಕಾಯ್ತಾ ಇವೆ," — ಪೌಲಿನ್, ಮೈಕಿನಲ್ಲೇ.

"ಅಡಿಯಲ್ಲೊಂದು ಜೀವ ಮಲಗಿದೆ. ಎಡ ಕಿವಿ ಹರಿದಿರೋ ಮುಳ್ಳಿಲಿ. ರಾಶಿ ಪೂರ್ತಿ ಬಿಚ್ಚಿ, ಪಕ್ಕದಲ್ಲಿ ಮತ್ತೆ ಕಟ್ಟಿ. ಆಮೇಲೆ ಹಚ್ಕೊಳ್ಳಿ."

"ಒಂದು ಮುಳ್ಳಿಲಿಗೋಸ್ಕರ ಇಡೀ ಊರು ನಿಲ್ಬೇಕಾ?"

"ಹೌದು. ನಿಲ್ಲಲಿ. ಇಲ್ಲಾಂದ್ರೆ ನನ್ನನ್ನೂ ಸೇರಿಸಿ ಹಚ್ಚು, ನೋಡೋಣ."

ಯಾರೋ ಹುಯಿಲಿಟ್ಟರು. ಯಾರೋ ನನ್ನ ಮೇಲೆ ಟಾಫಿ ಎಸೆದರು, ತಿಂದೆ. ಕೊನೆಗೆ ಮೊದಲ ಹಲಗೆಗೆ ಕೈ ಹಾಕಿದವನು ಡೆಸ್ಮಂಡ್. ನನ್ನ ಮುಖ ನೋಡಲಿಲ್ಲ. ಗೊಣಗುತ್ತಲೇ ಉಳಿದವರೂ ಬಂದರು. ಬೀರು, ಬಾಗಿಲು, ಎಲ್ಲ ಇಳಿಸಿದರು. ಕೆಳಗಿನ ಎಲೆಯನ್ನು ನಾನೇ ಮೊಣಕಾಲೂರಿ ಹಿಡಿಹಿಡಿಯಾಗಿ ತೆಗೆದೆ.

ಏನೂ ಇರಲಿಲ್ಲ.

"ಸಮಾಧಾನ ಆಯ್ತಾ ತಾಯೀ?" ಅಂದಳು ಪೌಲಿನ್. ಜನವೆಲ್ಲ ನಕ್ಕಿತು. ಬಟಾಣಿ ಆರಿಹೋಗಿತ್ತಂತೆ, ಅದೂ ನನ್ನದೇ ತಪ್ಪು. ಕ್ಷಮೆ ಕೇಳಲಿಲ್ಲ. ಕೇಳುವುದೂ ಇಲ್ಲ.

ನವೆಂಬರ್ 7

ಬಸ್ ಹತ್ತಿದವರೆಲ್ಲ ಕೇಳುತ್ತಾರೆ: "ಸೀಟಿನ ಕೆಳಗೆ ನೋಡಿದ್ರಾ ಮೇಡಂ? ಇನ್ನು ಹೊರಡಬಹುದಾ?" ನಗಲಿ. ಮುಂದಿನ ವರ್ಷವೂ ಅದೇ ರಾಶಿಯ ಮೇಲೆ ಕೂರುತ್ತೇನೆ. ಅದರ ಮುಂದಿನ ವರ್ಷವೂ.

ಆದರೆ ಅವಳೆಲ್ಲಿ? ಕೈಗಾಡಿಗೆ ತುಂಬುವಾಗ ಮುಳ್ಳುಗುದ್ದಲಿ ತಾಗಿತೋ? ದಾರಿಯಲ್ಲಿ ಬಿದ್ದು ಕಾರಿನಡಿ ಸಿಕ್ಕಳೋ? ಅವಳು ಬಂದರೆ ಇರಲಿ ಅಂತ ಶೆಡ್ಡಿನ ಹತ್ತಿರ ತಟ್ಟೆಯಲ್ಲಿಟ್ಟ ಊಟ ಹಾಗೇ ಇದೆ. ಜರಡಿ ಹಿಡಿದು ಕೊಳದ ಹತ್ತಿರ ನಿಂತವಳಿಗೆ ಅಳು ಬಂತು. ಅತ್ತೆ. ಅಳುತ್ತಲೇ ಎಲೆ ಎತ್ತಿದೆ. ಕಪ್ಪೆಗಳು ಇನ್ನೂ ಇವೆಯಲ್ಲ.

ನವೆಂಬರ್ 9, ಭಾನುವಾರ, ಮಧ್ಯಾಹ್ನ

ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ. ಡೆಸ್ಮಂಡ್ ತನ್ನ ಹಿತ್ತಲಲ್ಲಿ ಎಲೆ ಸುಡಲು ತಗಡಿನ ಡ್ರಮ್ ತಂದಿಟ್ಟಿದ್ದಾನೆ. ಬೇಲಿಯ ಬುಡದಲ್ಲಿ ಅವನ ಗುಡ್ಡೆ, ತಿಂಗಳಿಂದ ಬಿದ್ದಿರುವುದು. ಪ್ರತಿ ವರ್ಷ ಗುದ್ದಲಿಯಲ್ಲಿ ಬಾಚಿ ಡ್ರಮ್ಮಿಗೆ ಸುರಿಯುತ್ತಾನೆ, ಕಡ್ಡಿ ಗೀರುತ್ತಾನೆ, ಒಳಗೆ ಹೋಗಿ ಫುಟ್‌ಬಾಲ್ ನೋಡುತ್ತಾನೆ.

ಇವತ್ತು ಗುದ್ದಲಿ ಮುಟ್ಟಿಲ್ಲ. ಮೊಣಕಾಲೂರಿ ಕೂತಿದ್ದಾನೆ, ಬರಿಗೈಯಲ್ಲಿ ಹಿಡಿಹಿಡಿಯಾಗಿ ಎಲೆ ತೆಗೆಯುತ್ತಿದ್ದಾನೆ. ನನ್ನ ಕಿಟಕಿಯ ಕಡೆ ನೋಡುತ್ತಿಲ್ಲ. ನೋಡಿದರೆ ಸೋತ ಹಾಗೆ ಅಂದುಕೊಂಡಿದ್ದಾನೆ, ಮುದುಕ. ನೋಡದಿದ್ದರೆ ಬಿಡು, ನಾನು ನೋಡುತ್ತಿದ್ದೇನೆ.

ಕೈ ನಿಂತಿತು. ಬಗ್ಗಿದ. ಇನ್ನೂ ಬಗ್ಗಿದ...

ಕೂಗುತ್ತಿದ್ದಾನೆ. "ಥೆಲ್ಮಾ! ಏ ಥೆಲ್ಮಾ! ಹರಿದ ಕಿವಿ ಎಡಗಡೇದು ಅಂದಿದ್ಯಲ್ಲ?"

ಹೌದು ಕಣಯ್ಯಾ, ಎಡಗಡೆಯದೇ! ಮುಟ್ಟಬೇಡ, ಎಲೆ ಮುಚ್ಚು, ಬಂ—