ಮೂರನೇ ಕಂಬದ ಚಿತ್ರ

ಪ್ರೀತಿಯ ಅಕ್ಕನಿಗೆ,

ಬೇರೆಯವರ ಬಾಯಿಂದ ಕೇಳುವ ಮೊದಲು ಇದು ನಿನಗೆ ನನ್ನಿಂದಲೇ ತಿಳಿಯಲಿ.

ಸೇತುವೆಯ ಕಂಬಗಳಿಗೆ ಕ್ಯಾಮೆರಾ ಕಟ್ಟಿದವಳು ನಾನೇ. ಕಂಬ ಕೂದಲೆಳೆಯಷ್ಟು ವಾಲಿದರೂ ದಡದಲ್ಲಿ ನೆಟ್ಟ ಗುರುತು ಚಿತ್ರದಲ್ಲಿ ಜರುಗಿದಂತೆ ಕಾಣುತ್ತದೆ. ಆ ಮಂಗಳವಾರ ಮೂರನೇ ಕಂಬದ ಚಿತ್ರದಲ್ಲಿ ಅದು ಜರುಗಿತ್ತು. ಬಿಸಿಲಿಗೆ ಕ್ಯಾಮೆರಾದ ಹಿಡಿಕೆಯೇ ಸಡಿಲವಾಗಿದೆ ಎಂದುಕೊಂಡೆ. ಹಿಂದೆ ಎರಡು ಸಲ ಹಾಗೇ ಆಗಿತ್ತು.

ಬಣ್ಣ ಬಳಿಯಲು ಹತ್ತುವ ಮೊದಲು ಭಾವ ಫೋನ್ ಮಾಡಿದ್ದರು.

"ಏನಮ್ಮಾ, ನಿನ್ ಸೇತುವೆ ಗಟ್ಟಿ ಇದೆಯಾ? ಹತ್ತಲಾ?"

"ಹತ್ತಿ ಭಾವ. ಕ್ಯಾಮೆರಾಗೇ ತಲೆ ತಿರುಗ್ತಿದೆ, ಸೇತುವೆಗೇನೂ ಆಗಿಲ್ಲ" ಎಂದೆ. ಇಬ್ಬರೂ ನಕ್ಕೆವು. ನಲವತ್ತು ನಿಮಿಷಕ್ಕೆ ಕಂಬ ಕುಸಿಯಿತು.

ಮಣ್ಣು ಮಾಡಿದ ದಿನ ನೀನು ನನ್ನ ಹೆಗಲಿಗೊರಗಿ ಅತ್ತೆ. ಆಗ ಹೇಳಲು ಬಾಯಿ ಬರಲಿಲ್ಲ. "ಆ ಫೋನ್ ವಿಷಯ ಯಾರಿಗೂ ಗೊತ್ತಿಲ್ಲ, ಸುಮ್ನಿರು" ಎಂದು ನಮ್ಮ ಎಂಜಿನಿಯರ್ ಹೇಳಿದ್ದರು. ಇವತ್ತು ವಿಚಾರಣೆಯಲ್ಲಿ ಎಲ್ಲವನ್ನೂ ಹೇಳಿ, ಚಿತ್ರಗಳನ್ನೂ ಒಪ್ಪಿಸಿ ಬಂದೆ.

ಮಕ್ಕಳಿಗೆ ನೀನು ಹೇಳಬೇಡ, ಅದು ನನ್ನ ಕೆಲಸ. ಭಾನುವಾರ ಬರುತ್ತೇನೆ. ನನ್ನ ಮುಖ ನೋಡಲು ಆಗದಿದ್ದರೆ ಬಾಗಿಲು ತೆಗೆಯಬೇಡ. ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದು ಹೋಗುತ್ತೇನೆ.

ನಿನ್ನ ತಂಗಿ