ಕಡಲೊಳಗೆ ಎಡಗೈ

ಕೂಕಟ್‌ಪಲ್ಲಿ, ಹೈದರಾಬಾದ್
೭ ಫೆಬ್ರವರಿ ೨೦೧೧

ಪ್ರೀತಿಯ ಶಿವದೇವಿ ಅಕ್ಕನಿಗೆ ಶರಣಾರ್ಥಿ.

ಅಂಡಮಾನಿನಿಂದ ಕೈಕಾಲು ನೆಟ್ಟಗಿಟ್ಟುಕೊಂಡೇ ತಿರುಗಿ ಬಂದಿದ್ದೇನೆ, ಮೊದಲು ಗಾಬರಿ ಬಿಡು. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ನೀನೇ ಸೇರಿಸಿಕೊಳ್ಳುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಸೋಮವಾರದ ಭಜನೆಯ ಗೆಳತಿಯರಾದ ಸುಂದರಾಬಾಯಿ, ಗಿರಿಜಾಬಾಯಿ ಮತ್ತು ನಾನು, ಮೂವರೇ ಹೋಗಿದ್ದೆವು. ಸಮುದ್ರದೊಳಗೆ ಇಳಿಸುತ್ತಾರೆಂದು ಅಲ್ಲಿಗೆ ಹೋದಮೇಲೆ ಗೊತ್ತಾಯಿತು ಅಂದರೆ ನೀನು ನಂಬುವುದಿಲ್ಲ. ಗೊತ್ತಿದ್ದೇ ಹೋಗಿದ್ದೆ. ಶಿವನು ನೀರಿನೊಳಗೆ ಏನೇನು ಮಾಡಿಟ್ಟಿದ್ದಾನೋ ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ನನಗೆ.

ನೀರಿಗಿಳಿಸುವ ನರಹರಿ ತೆಲುಗಿನವನು. ಕೊರಳಲ್ಲಿ ಏನೂ ಇರಬಾರದು, ಉಸಿರಿನ ಕೊಳವೆಗೆ ಸಿಕ್ಕುತ್ತದೆ ಎಂದ. ಲಿಂಗ ಬಿಚ್ಚಿಟ್ಟು ನಾನು ನೀರು ಕೂಡ ಕುಡಿಯುವವಳಲ್ಲ ಎಂದೆ. ಕೊನೆಗೆ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಂಡು, ಮೇಲೆ ಅವರ ಬಿಗಿಯಾದ ರಬ್ಬರಿನ ಅಂಗಿ ತೊಟ್ಟೆ. ನೀರೊಳಗೆ ಮಾತಿಲ್ಲ, ಕೈಸನ್ನೆಯೇ. ಬೆರಳು ಗುಂಡಗೆ ಮಾಡಿದರೆ ಎಲ್ಲ ಸರಿ; ಅಂಗೈ ಚಪ್ಪಟೆ ಹಿಡಿದು ಅಲ್ಲಾಡಿಸಿದರೆ ಏನೋ ತೊಂದರೆ.

ಇಳಿಯುತ್ತಿದ್ದಂತೆಯೇ ಹಳದಿ ಮೀನಿನ ಹಿಂಡು ಎದುರಿಗೆ ಬಂತು. ದಿನಾ ಲಿಂಗಪೂಜೆಗೆ ಕೂರುವವಳಲ್ಲವೇ, ಎಡ ಅಂಗೈ ತಾನಾಗಿಯೇ ಎದೆಯ ಮುಂದೆ ಚಾಚಿಕೊಂಡು, ಕಣ್ಣು ಅದರ ಮೇಲೆ ನಿಂತಿತು. ಅಲೆಗೆ ಕೈ ಸ್ವಲ್ಪ ಅಲ್ಲಾಡಿರಬೇಕು. ನರಹರಿ ತೊಂದರೆಯೆಂದು ತಿಳಿದು ನನ್ನನ್ನು ಮೇಲಕ್ಕೆ ತಂದೇಬಿಟ್ಟ. ದೋಣಿ ಹತ್ತಿಸಿ, ಅಮ್ಮ ಹೆದರಿದ್ದಾರೆ, ಇಷ್ಟು ಸಾಕು ಎಂದ. ಮರುದಿನ ನಮ್ಮ ವಿಮಾನ. ಇವತ್ತು ತಪ್ಪಿದರೆ ಜನ್ಮದಲ್ಲಿ ಇಲ್ಲ. ನನಗೆ ಅಳುವೇ ಬಂತು.

"ಬಸಲಿಂಗಮ್ಮೋರ, ಸಮುದ್ರಕ್ಕ ವಿಭೂತಿ ಹಚ್ಚಾಕ ಹೋಗಿದ್ರೇನ್ರಿ?" ಅಂದಳು ಗಿರಿಜಾಬಾಯಿ.

ಸುಂದರಾಬಾಯಿ ನಗಲಿಲ್ಲ. ನಮ್ಮಲ್ಲಿ ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸುತ್ತಾರೆಂದು ತೆಲುಗಿನಲ್ಲಿ ಅವನಿಗೆ ತಿಳಿಸಿ ಹೇಳಿದಳು. ಹೆದರಿಕೆ ಅಲ್ಲ, ರೂಢಿ ಎಂದು ನಾನೂ ಗಟ್ಟಿಯಾಗಿ ಹೇಳಿದೆ. ಅವನು ತಲೆ ತುರಿಸಿಕೊಂಡು, ಆ ಕೈ ಮತ್ತೆ ಹಾಗೆ ಚಾಚಕೂಡದು ಎಂಬ ಕರಾರಿನ ಮೇಲೆ ಒಪ್ಪಿದ.

ಈ ಸಲ ಎರಡೂ ಕೈ ಜೋಡಿಸಿಕೊಂಡೇ ಇಳಿದೆ. ಅಕ್ಕಾ, ಹೇಗೆ ಹೇಳಲಿ! ಕಲ್ಲೇ ಹೂಬಿಟ್ಟ ಹಾಗೆ ಹವಳ. ಇಳಕಲ್ ಸೀರೆಯ ದಡಿಯಂಥ ಪಟ್ಟೆಯ ಒಂದು ಮೀನು ನನ್ನ ಕಣ್ಣಿನ ಗಾಜಿನ ಮುಂದೆ ನಿಂತು, ಯಾರ ಮನೆಯವಳೆಂದು ವಿಚಾರಿಸುವ ಹಾಗೆ ನೋಡಿತು. ನನ್ನ ಉಸಿರಿನ ಸದ್ದೊಂದೇ. ಉಸಿರುಸಿರಿಗೂ ಓಂ ನಮಃ ಶಿವಾಯ. ಮೇಲೆ ಬಂದಮೇಲೆ ನರಹರಿ, ಇಷ್ಟು ಭಕ್ತಿಯಿಂದ ನೀರಿಗಿಳಿದವರನ್ನು ನಾನು ಕಂಡಿಲ್ಲ ಎಂದು ಕೈಮುಗಿದ. ಗಿರಿಜಾಬಾಯಿ ಈಗ ಅದನ್ನೇ ಭಜನೆಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.

ಭಾವನವರಿಗೆ ನನ್ನ ಶರಣು ತಿಳಿಸು.

ನಿನ್ನ ತಂಗಿ
ಬಸಲಿಂಗಮ್ಮ

ತಾ.ಕ.: ನಿನಗೆ ಸುಳ್ಳು ಬರೆದು ಅಂಚೆಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಅಂಗೈ ಚಾಚಿದ್ದು ರೂಢಿಯಿಂದಲೇ, ಆದರೆ ಅಲ್ಲಾಡಿದ್ದು ಅಲೆಗಲ್ಲ. ಎರಡನೆಯ ಸಲವೂ ಕೈ ಗಡಗಡ ನಡುಗಿತು. ಅವನಿಗೆ ಕಾಣಬಾರದೆಂದೇ ಎರಡೂ ಕೈ ಜೋಡಿಸಿ ಬಿಗಿಯಾಗಿ ಹಿಡಿದಿದ್ದೆ. ಶಿವನಿಗೆ ಗೊತ್ತಿದೆ, ಈಗ ನಿನಗೂ. ಗಿರಿಜಾಬಾಯಿಗೆ ಮಾತ್ರ ಗೊತ್ತಾಗಬಾರದು.