ಹಗ್ಗ ಹಿಡಿದವಳು ಚೆಕಿಂಗಿನವಳು

ಅಕ್ಕಾ,

ದೇವರ ದಯದಿಂದ ನಿನ್ನ ತಂಗಿಯ ಕೈಕಾಲು ನೆಟ್ಟಗಿವೆ. ಎಲ್ಲರೂ ಸ್ನೇಹದಿಂದ ಇರಲೆಂದು ನಮ್ಮ ಹೊಲಿಗೆ ಕಾರ್ಖಾನೆಯವರು ಎರಡು ದಿನ ಬೆಟ್ಟದ ಶಿಬಿರಕ್ಕೆ ಕರೆತಂದಿದ್ದಾರೆ. ಇಲ್ಲಿ ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆ ಹತ್ತಬೇಕು, ಜೊತೆಯವರು ಕೆಳಗೆ ನಿಂತು ಆ ಹಗ್ಗ ಹಿಡಿಯಬೇಕು. ನನಗೆ ಜೋಡಿ ಯಾರು ಗೊತ್ತೇ? ಆರು ವರ್ಷದಿಂದ ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕಿ ಸೀಮೆಸುಣ್ಣದ ಗುರುತು ಹಾಕಿ ಹಾಕಿ ಬಿಚ್ಚಿಸುವ ಆ ಚೆಕಿಂಗಿನವಳು! ಊಟದ ಹೊತ್ತಿನಲ್ಲೂ ನಾವು ಮಾತಾಡಿದವರಲ್ಲ. ಇವಳ ಕೈಗೆ ಜೀವ ಕೊಡುವುದೇ ಎಂದುಕೊಂಡೆ.

ಅವಳು ನನ್ನ ಸೊಂಟದ ಗಂಟನ್ನು ಎಳೆದು ನೋಡಿದಳು, ಬಿಚ್ಚಿಸಿದಳು, ಮತ್ತೆ ಕಟ್ಟಿಸಿದಳು. ಹೀಗೆ ಮೂರು ಸಲ.

"ಇಲ್ಲೂ ಬಿಚ್ಚಿಸ್ತೀಯಲ್ಲೇ ತಾಯಿ!" ಎಂದೆ.

"ಅಂಗಿ ಹರಿದ್ರೆ ಇನ್ನೊಂದು ಹೊಲೀಬಹುದು. ನಿನ್ನನ್ನ ಎಲ್ಲಿಂದ ತರಲಿ?" ಎಂದಳು.

ಅರ್ಧ ಹತ್ತಿದಾಗ ಕಾಲು ಜಾರಿತು. ದೇವರ ಹೆಸರು ಬಾಯಿಗೆ ಬರುವ ಮೊದಲೇ ಹಗ್ಗ ಬಿಗಿಯಾಯಿತು, ಗೇಣುದ್ದವೂ ಇಳಿಯಲಿಲ್ಲ. "ಕೆಳಗೆ ನೋಡ್ಬೇಡ, ಹತ್ತು!" ಎಂದು ಗದರಿದಳು. ತುದಿ ಮುಟ್ಟಿಯೇ ಇಳಿದೆ.

ಮಂಡಿ ತರಚಿದೆ, ಮುಲಾಮು ಹಚ್ಚಿದ್ದೇನೆ. ಬಿಪಿ ಮಾತ್ರೆ ತಪ್ಪಿಸಿಲ್ಲ.

ಈಗ ಅವಳು ಹತ್ತುವ ಸರದಿ. ಎತ್ತರ ಕಂಡರೆ ಅವಳಿಗೆ ಮೈಯೆಲ್ಲ ನಡುಗುತ್ತದಂತೆ. ಆದರೂ "ಹಗ್ಗ ಇವಳೇ ಹಿಡೀಲಿ, ಬೇರೆ ಯಾರೂ ಬೇಡ" ಎಂದು ಹಟ ಹಿಡಿದಿದ್ದಾಳೆ. ಅಂಗೈ ಸುಲಿದರೂ ಸರಿ, ನಾನು ಬಿಡುವವಳಲ್ಲ. ಕೂಗುತ್ತಿದ್ದಾಳೆ, ಹೊರಟೆ.

ನಿನ್ನ ತಂಗಿ